ಬಿರುಕು ಕಪ್ಪಿನ ಮೊಳಕೆ

ಕಿವಿಗೆ ಸಂಬಳ ಕೊಡುವ ಕೆಲಸವೂ ಒಂದಿದೆ ಎಂದರೆ ಜನ ನಗುತ್ತಾರೆ. ನಗಲಿ ಬಿಡಿ. ನಕ್ಕವರೆಲ್ಲ ಬೆಳಿಗ್ಗೆ ಎದ್ದು ಟೀ ಕುಡಿಯುವುದು ಅವಳು ತಟ್ಟಿ ನೋಡಿದ ಕಪ್ಪಿನಲ್ಲೇ. ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳಿಗೆ ಕೊಟ್ಟಿರುವ ಸಲಕರಣೆ ಎಂದರೆ ಬೆರಳುದ್ದದ ಒಂದು ಮರದ ಕಡ್ಡಿ, ಅಷ್ಟೇ. ಭಟ್ಟಿಯಲ್ಲಿ ಸುಟ್ಟು ಆರಿದ ಕಪ್ಪುಗಳು ಹಲಗೆಯ ಮೇಲೆ ಸಾಲಾಗಿ ಅವಳ ಮುಂದೆ ಬರುತ್ತವೆ. ಎಡಗೈಯ ಮೂರು ಬೆರಳ ತುದಿಯಲ್ಲಿ ಕಪ್ಪನ್ನು ಕೂರಿಸಿ, ಅಂಚಿಗೆ ಕಡ್ಡಿಯಿಂದ ಒಂದು ಸಣ್ಣ ಏಟು. ‘ಟಿಣ್’ ಎಂದು ಸದ್ದು ಒಂದಿಷ್ಟು ದೂರ ಹೋದರೆ ಕಪ್ಪು ಗಟ್ಟಿ, ಬಲಕ್ಕೆ ಸರಿಸಬೇಕು. ‘ಟಕ್’ ಎಂದು ಅಲ್ಲೇ ಕುಸಿದರೆ ಒಳಗೆಲ್ಲೋ ಬಿರುಕಿದೆ, ಕಣ್ಣಿಗೆ ಕಾಣದಿದ್ದರೂ ಇದೆ, ಎಡಕ್ಕೆ ತಳ್ಳಬೇಕು. ಎಡಕ್ಕೆ ತಳ್ಳಿದವು ಹಿತ್ತಲಿನ ರಾಶಿ ಸೇರುತ್ತಿದ್ದವು. ಬೇಕಾದವರು ಅಲ್ಲಿಂದ ಎತ್ತಿಕೊಂಡು ಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಅವಳಿಗೆ ಇಷ್ಟವಿತ್ತು, ಇಷ್ಟವಿಲ್ಲದವಳ ಹಾಗೆ ಮುಖ ಸಿಂಡರಿಸುತ್ತಿದ್ದಳು. ಏನು ಸಿಕ್ಕರೂ ತಟ್ಟಿ ನೋಡುವ ಚಟ. ಬಾಗಿಲು, ಬಸ್ಸಿನ ಕಂಬಿ, ಎಲೆಕೋಸು, ಒಮ್ಮೆ ನೆಂಟರ ಮಗುವಿನ ತಲೆ. ಗಂಡ ಬಸ್ ಕಂಡಕ್ಟರ್, ಇಡೀ ದಿನ ಕೂಗಿ ಕೂಗಿ ಮನೆಗೆ ಬಂದರೆ ಬಾಯಿ ಬಿಡುವವನಲ್ಲ. ಹಾಗಾಗಿ ಮನೆಯಲ್ಲಿ ಮಾತಿನ ಜವಾಬ್ದಾರಿಯೆಲ್ಲ ಅತ್ತೆಯದು. ಅತ್ತೆಗೆ ಎಂಬತ್ತರ ಹತ್ತಿರ, ಬಾಯಲ್ಲಿ ಉಳಿದದ್ದು ನಾಲ್ಕು ಹಲ್ಲು, ಆದರೆ ಮಾತಿಗೆ ಹಲ್ಲು ಬೇಡವಲ್ಲ. ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ದಿನಕ್ಕೆ ನಾಲ್ಕು ಸಲ ಟೀ ಕುಡಿಯುತ್ತಿದ್ದರು, ಏಳು ವರ್ಷದ ಹಿಂದೆ ಸೊಸೆ ನೂರು ಕಪ್ಪು ತಟ್ಟಿ ಆರಿಸಿ ತಂದುಕೊಟ್ಟ ನೀಲಿ ಅಂಚಿನ ಕಪ್ಪಿನಲ್ಲಿ. ಕಪ್ಪಿನ ಕೆಳಗೆ ನಾಲ್ಕು ಮಡಿಕೆಯ ಒಂದು ಬಟ್ಟೆ ಸದಾ ಇರಬೇಕು. ಮೇಜಿಗೆ ಬಿಸಿ ತಾಗಿದರೆ ಕಲೆ ಆಗುತ್ತೆ ಅನ್ನುವುದು ಅವರ ವಾದ. ಆ ಮೇಜಿನ ಮೇಲೆ ಹೊಸ ಕಲೆಗೆ ಜಾಗವೇ ಇರಲಿಲ್ಲ, ಅದನ್ನು ಅವಳು ಎಷ್ಟೋ ಸಲ ಹೇಳಿ ಸುಮ್ಮನಾಗಿದ್ದಳು.

ಕಥೆ ಶುರುವಾಗುವುದು ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಇಳಿಸಿ, ಮತ್ತೆ ತುಂಬಿದರು. ಎರಡನೇ ಸಲ ತುಂಬಿದಾಗಲೇ ಕಿವಿಯಕ್ಕನಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

“ಬಿಪಿ ಜಾಸ್ತಿ ಇದೆ. ತಲೆ ಸುತ್ತುತ್ತಾ? ಕಿವೀಲಿ ಏನಾದ್ರೂ ಸದ್ದು?”

ಸುಳ್ಳು ಹೇಳಬಹುದಿತ್ತು. ಆದರೆ ಕಿವಿಯ ವಿಷಯದಲ್ಲಿ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. “ಎಡಗಿವೀಲಿ ಗುಂಯ್ ಅಂತ ಬರುತ್ತೆ. ಮೊದಮೊದಲು ಫ್ಯಾನಿನ ಸದ್ದು ಅಂದ್ಕೊಂಡಿದ್ದೆ.”

“ಯಾವಾಗಿಂದ?”

“ಅದೇ ಗೊತ್ತಿಲ್ಲ. ಫ್ಯಾನ್ ಇಲ್ಲದ ಕಡೆನೂ ಬಂದಾಗ ಗೊತ್ತಾಯ್ತು.”

ಡಾಕ್ಟರಮ್ಮ ಮಾತ್ರೆ ಬರೆದರು. ಉಪ್ಪು ಅರ್ಧಕ್ಕಿಂತ ಕಡಿಮೆ, ಕರಿದದ್ದು ಬೇಡ, ಹಸಿ ತರಕಾರಿ, ಹಣ್ಣು, ಮೊಳಕೆ ಕಾಳು ದಿನಾ ತಿನ್ನಿ ಅಂದರು. ಆಮೇಲೆ ಪೆನ್ನು ಕೆಳಗಿಟ್ಟು ಇನ್ನೊಂದು ಮಾತು ಹೇಳಿದರು: “ಮೂರು ತಿಂಗಳು ಬಿಟ್ಟು ಮತ್ತೆ ನೋಡ್ತೀನಿ. ಈ ಸದ್ದು ಹೀಗೇ ಇದ್ರೆ ನೀವು ತಟ್ಟೋ ಕೆಲಸಕ್ಕೆ ಆಗಲ್ಲ ಅಂತ ಬರೀಬೇಕಾಗುತ್ತೆ. ನನಗೆ ಬೇರೆ ದಾರಿ ಇಲ್ಲ.”

ತಟ್ಟುವ ಕೆಲಸ ಹೋದರೆ ಪ್ಯಾಕಿಂಗ್ ವಿಭಾಗ. ಹುಲ್ಲು ಮತ್ತು ಕಾಗದದ ಮಧ್ಯೆ ಕಪ್ಪು ತುರುಕುವುದು. ಸಂಬಳ ಇಳಿಯುತ್ತದೆ, ಅದಿರಲಿ. ಅಲ್ಲಿ ಅವಳು ಯಾರೂ ಅಲ್ಲ, ನಲವತ್ತು ಜೊತೆ ಕೈಗಳಲ್ಲಿ ಇನ್ನೊಂದು ಜೊತೆ. ಆ ದಿನ ಮನೆಗೆ ನಡೆದು ಬರುವಾಗ ಅವಳಿಗೆ ಅಳು ಬಂತು, ಅಳುತ್ತಲೇ ದಾರಿಯ ಕಂಬಕ್ಕೆ ಒಂದು ಏಟು ಕೊಟ್ಟು ಸದ್ದು ಹೇಗಿದೆ ಎಂದು ಕೇಳಿಸಿಕೊಂಡಳು.

ಮರುದಿನ ಅವಳು ದೊಡ್ಡ ಅಂಗಡಿಯ ಗಾಜಿನ ಮುಂದೆ ನಿಂತು ಹಸಿ ತರಕಾರಿಯ ಡಬ್ಬಿಗಳನ್ನು ನೋಡಿದಳು. ಪಾರದರ್ಶಕ ಡಬ್ಬಿ, ಒಳಗೆ ಹೂವಿನ ಹಾಗೆ ಕೆತ್ತಿದ ಟೊಮೆಟೊ, ಎರಡು ಸೌತೆ ಬಿಲ್ಲೆ, ಯಾರೋ ತಿಂದು ಬಿಟ್ಟ ಹಾಗಿರುವ ನಾಲ್ಕು ಎಲೆ. ಆ ಒಂದು ಡಬ್ಬಿಯ ಬೆಲೆಗೆ ಅವಳ ಮನೆಯಲ್ಲಿ ಮೂವರ ಎರಡು ದಿನದ ಅಡುಗೆ ಆಗುತ್ತಿತ್ತು. ಆರೋಗ್ಯ ಎನ್ನುವುದು ಹೊಟ್ಟೆ ತುಂಬಿದವರ ಆಟ ಅಂದುಕೊಂಡು ವಾಪಸ್ ಬರಬಹುದಿತ್ತು. ಆದರೆ ಅವಳಿಗೆ ಸಿಟ್ಟಿಗಿಂತ ಕುತೂಹಲ ಜಾಸ್ತಿ. ಅಷ್ಟು ಬೆಲೆ ಯಾವುದಕ್ಕೆ, ತರಕಾರಿಗಾ ಡಬ್ಬಿಗಾ? ಡಬ್ಬಿಗೇ ಇರಬೇಕು ಎಂದು ತೀರ್ಮಾನಿಸಿ ಅವಳು ನೇರ ಸಂತೆಬೀದಿಗೆ ಹೋದಳು.

ಅಲ್ಲಿ ಮೂಲೆಯಲ್ಲಿ ತರಕಾರಿ ಮಾರುವ ಹೆಂಗಸೊಬ್ಬಳಿದ್ದಳು. ಮೂಲಂಗಿಯ ಸೊಪ್ಪು ಕಿತ್ತು, ಬೀಟ್‌ರೂಟಿನ ತಲೆ ಮುರಿದು ಪಕ್ಕದ ಬುಟ್ಟಿಗೆ ಎಸೆಯುತ್ತಿದ್ದಳು.

“ಅದನ್ನ ಏನು ಮಾಡ್ತೀಯಾ?”

“ಏನು ಮಾಡೋದು, ದನ ತಿನ್ನುತ್ತೆ.”

“ದನಕ್ಕೆ ಬಿಪಿ ಇರುತ್ತಾ?”

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ ಸೊಪ್ಪನ್ನು ಸುಮ್ಮನೆ ಕೊಟ್ಟುಬಿಟ್ಟಳು. ಜೊತೆಗೆ ಸೊಟ್ಟ ಮೂಲಂಗಿ, ಎರಡು ಕಾಲಿನ ಗಜ್ಜರಿ, ಇನ್ನೊಂದರ ಮಗ್ಗುಲಿಗೆ ಒತ್ತಿ ಚಪ್ಪಟೆಯಾದ ಸೌತೆ, ಎಲ್ಲ ಅಗ್ಗಕ್ಕೆ. ಕಿವಿಯಕ್ಕ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟಿ ಆರಿಸಿದಳು. ಬಾಡಿದ ಗಜ್ಜರಿ ಮಂಕಾಗಿ ಮಾತಾಡುತ್ತದೆ, ತಾಜಾ ಗಜ್ಜರಿ ಚುರುಕಾಗಿ. ಬೆಂಡಾದ ಮೂಲಂಗಿ ತಟ್ಟಿದರೆ ಖಾಲಿ ಡಬ್ಬದ ಸದ್ದು. ರೂಪ ನೋಡಿ ಕೊಳ್ಳುವವರು ದುಡ್ಡು ಜಾಸ್ತಿ ಕೊಡುತ್ತಾರೆ ಎನ್ನುವುದು ಅವಳು ಅವತ್ತು ಕಂಡುಕೊಂಡ ಸತ್ಯ.

ಮೊದಲ ವಾರ ಎಡವಟ್ಟುಗಳ ವಾರ. ಒಂದೇ ದಿನ ಅರ್ಧ ಎಲೆಕೋಸು ಹಸಿಯಾಗಿ ತಿಂದು, ಮಧ್ಯಾಹ್ನ ಹೊಟ್ಟೆ ಮಾಡಿದ ಗಲಾಟೆಗೆ ಪಕ್ಕದ ಬೆಂಚಿನವಳು ಎದ್ದು ಬೇರೆ ಕಡೆ ಹೋಗಿ ಕೂತಳು. ಮೂಲಂಗಿ ಸೊಪ್ಪು ಬಾಯಿಗಿಟ್ಟ ಗಂಡ, ಅಪರೂಪಕ್ಕೆ ಬಾಯಿ ತೆರೆದು, “ಇದು ಚುಚ್ಚುತ್ತೆ” ಅಂದ. ಅದನ್ನು ಸಣ್ಣಗೆ ಹೆಚ್ಚಿ, ನಿಂಬೆರಸ ಹಿಂಡಿ, ಕೈಯಲ್ಲಿ ಚೆನ್ನಾಗಿ ಕಿವುಚಿದರೆ ಮುಳ್ಳು ಅಡಗುತ್ತದೆ ಎಂದು ಅವಳಿಗೆ ಗೊತ್ತಾಗಲು ಮೂರು ದಿನ ಬೇಕಾಯಿತು. ನಿಂಬೆ ಇದ್ದರೆ ಉಪ್ಪು ಅಷ್ಟಾಗಿ ನೆನಪಾಗುವುದಿಲ್ಲ ಎನ್ನುವುದೂ ಹಾಗೇ ಗೊತ್ತಾಯಿತು.

ಅತ್ತೆ ಮೂಗು ಮುರಿದರು. “ಒಲೆ ಹಚ್ಚೋಕೆ ಬೇಜಾರು ಅಂತ ನೇರವಾಗಿ ಹೇಳು. ಡಾಕ್ಟರ ಹೆಸರು ಯಾಕೆ ಕೆಡಿಸ್ತೀಯಾ?”

ಹೀಗಂದರೂ, ಸೊಸೆ ಗಜ್ಜರಿ ತುರಿದಿಟ್ಟರೆ ಒಂದು ಚಮಚ ತಮ್ಮ ತಟ್ಟೆಗೆ ಹಾಕಿಸಿಕೊಂಡು ಅರ್ಧ ಗಂಟೆ ಅದರ ಜೊತೆ ಹೆಣಗುತ್ತಿದ್ದರು.

ಮೊಳಕೆಯದ್ದೇ ದೊಡ್ಡ ತಲೆನೋವಾಯಿತು. ಹೆಸರುಕಾಳು ಅಗ್ಗ, ಒಂದು ಹಿಡಿ ನೆನೆಸಿದರೆ ಎರಡು ದಿನದಲ್ಲಿ ಮೂರು ಹಿಡಿ ಆಗುತ್ತದೆ. ಆದರೆ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಸಂಜೆ ಬರುವವಳಿಗೆ ಗಳಿಗೆಗೊಮ್ಮೆ ನೀರು ಬಸಿಯುವ ಪುರುಸೊತ್ತೆಲ್ಲಿ? ಒಂದು ಒಳ್ಳೆಯ ಕಪ್ಪಿನಲ್ಲಿ ನೀರು ಹಾಕಿ, ಮುಚ್ಚಿ, ಮರೆತಳು. ಮೂರನೇ ದಿನ ಅತ್ತೆ ಮೂಗು ಮುಚ್ಚಿಕೊಂಡು ಮನೆಯೆಲ್ಲ ಹುಡುಕುತ್ತಿದ್ದರು.

“ಎಲ್ಲೋ ಇಲಿ ಸತ್ತಿದೆ ಕಣೆ.”

ಇಲಿ ಕಪ್ಪಿನಲ್ಲಿತ್ತು. ಅಂದರೆ, ಕಾಳು ಕೊಳೆತು ನಾರುತ್ತಿತ್ತು.

ಮಾರನೇ ದಿನ ಬೆಂಚಿನ ಮೇಲೆ ‘ಟಕ್’ ಎಂದ ಕಪ್ಪೊಂದನ್ನು ಎಡಕ್ಕೆ ತಳ್ಳುತ್ತಿದ್ದವಳ ಕೈ ಗಾಳಿಯಲ್ಲೇ ನಿಂತಿತು. ಇಪ್ಪತ್ತೆರಡು ವರ್ಷ ಈ ಕಪ್ಪುಗಳನ್ನು ಎಡಕ್ಕೆ ತಳ್ಳಿದ್ದು ಒಂದೇ ಕಾರಣಕ್ಕೆ: ಇವು ಸೋರುತ್ತವೆ. ನಿಧಾನಕ್ಕೆ, ಹನಿಹನಿಯಾಗಿ, ಕೇಳಿಸದೇ ಕಾಣದೇ ಸೋರುತ್ತವೆ. ಅವಳಿಗೆ ಬೇಕಾಗಿದ್ದೂ ಅದೇ ಅಲ್ಲವೇ? ಸಂಜೆ ಹಿತ್ತಲಿನ ರಾಶಿಯಿಂದ ನಾಲ್ಕು ಕಪ್ಪು ಚೀಲಕ್ಕೆ ಹಾಕಿಕೊಂಡಳು. ಕಾಳು ಹಾಕಿ, ನೀರು ತುಂಬಿ, ತಟ್ಟೆಯ ಮೇಲಿಟ್ಟಳು. ಬೆಳಿಗ್ಗೆ ನೀರೆಲ್ಲ ತಟ್ಟೆಯಲ್ಲಿತ್ತು, ಕಾಳು ಉಬ್ಬಿ ಒದ್ದೆಯಾಗಿ ಹಾಯಾಗಿತ್ತು. ಎರಡನೇ ದಿನ ಬಾಲ, ಮೂರನೇ ದಿನ ಕಪ್ಪಿನ ತುಂಬ ಮೊಳಕೆ. ವಾಸನೆ ನೋಡಿದರೆ ಈಗಷ್ಟೇ ಅಗೆದ ಮಣ್ಣಿನ ವಾಸನೆ. ಅವಳು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕಪ್ಪುಗಳ ಸಾಲು. ತಳದಲ್ಲಿ ಬಿರುಕಿದ್ದರೆ ಕಡಲೆಗೆ ಒಳ್ಳೆಯದಾ, ಮಗ್ಗುಲಲ್ಲಿದ್ದರೆ ಮೆಂತ್ಯಕ್ಕಾ? ತುಂಬ ಜೋರಾಗಿ ‘ಟಕ್’ ಎನ್ನುವ ಕಪ್ಪು ಬೇಗ ಒಣಗುತ್ತದೆ, ಸಣ್ಣಗೆ ‘ಟಕ್’ ಎನ್ನುವುದು ತೇವ ಹಿಡಿದಿಡುತ್ತದೆ. ಬಿರುಕುಗಳಲ್ಲೂ ಇಷ್ಟು ಜಾತಿಗಳಿವೆಯೆಂದು ಇಷ್ಟು ವರ್ಷ ತಟ್ಟಿಯೂ ಅವಳು ಯೋಚಿಸಿರಲಿಲ್ಲ. ಕಾರ್ಖಾನೆಯ ಅರ್ಧ ಹೆಂಗಸರು ಅವಳಿಂದ ಕಪ್ಪು ಆರಿಸಿಕೊಂಡು ಹೋಗಿ ಕಾಳು ಹಾಕಲು ಶುರುಮಾಡಿದರು. ಮಧ್ಯಾಹ್ನದ ಬುತ್ತಿಯಲ್ಲಿ ಮೊಳಕೆ, ಗಜ್ಜರಿ, ಸೌತೆ. ಊಟದ ಕೋಣೆಯಲ್ಲಿ ಮಾತಿಗಿಂತ ಅಗಿಯುವ ಸದ್ದೇ ಜಾಸ್ತಿಯಾಯಿತು.

ಅಂಥ ಒಂದು ಮಧ್ಯಾಹ್ನ, ಎರಡನೇ ತಿಂಗಳ ಕೊನೆಗೆ, ಅವಳು ಗಜ್ಜರಿ ಅಗಿದು ನುಂಗಿ, ಸುಮ್ಮನೆ ಕೂತಳು. ಅಗಿಯುವಾಗ ತಲೆಯೊಳಗೆಲ್ಲ ಆ ಸದ್ದೇ ತುಂಬಿರುತ್ತದೆ, ನಿಲ್ಲಿಸಿದ ಕೂಡಲೇ ಎಡಗಿವಿಯ ಗುಂಯ್ ವಾಪಸ್ ಬರುತ್ತದೆ. ಅವತ್ತು ಬರಲಿಲ್ಲ. ಅವಳು ಕಾದಳು. ದೂರದಲ್ಲಿ ಯಾರೋ ನಲ್ಲಿ ತಿರುಗಿಸಿದ್ದು ಕೇಳಿಸಿತು, ಗೋಡೆಯಾಚೆ ಭಟ್ಟಿಯ ಇಟ್ಟಿಗೆ ಬಿಸಿಗೆ ಚಟ್ ಎಂದದ್ದು ಕೇಳಿಸಿತು. ಗುಂಯ್ ಮಾತ್ರ ಇರಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳಿದರೆ ಎಲ್ಲಿ ವಾಪಸ್ ಬರುತ್ತದೋ ಎನ್ನುವ ಭಯ.

ತೊಂದರೆ ಬಂದದ್ದು ಅಲ್ಲಿಂದಲೇ. ಮುಂದಿನ ವಾರದಿಂದ ಅವಳ ಎಡಗಡೆಯ ರಾಶಿ ಬೆಳೆಯತೊಡಗಿತು. ದಿನಕ್ಕೆ ಇಪ್ಪತ್ತು ಕಪ್ಪು ತಳ್ಳುತ್ತಿದ್ದವಳು ನಲವತ್ತು ತಳ್ಳಿದಳು. ಮೇಲ್ವಿಚಾರಕ ಬಂದು ನಿಂತ. ಏನು ಕೇಳಿದರೂ ಮೊದಲು ಕೈಗಡಿಯಾರ ನೋಡಿ ಆಮೇಲೆ ಉತ್ತರ ಕೊಡುವ ಮನುಷ್ಯ, ಅದಕ್ಕೇ ಬೆನ್ನ ಹಿಂದೆ ಎಲ್ಲರೂ ಅವನನ್ನು ಗಡಿಯಾರ ಎನ್ನುತ್ತಿದ್ದರು.

“ಏನಿದು? ಭಟ್ಟಿ ಅದೇ, ಮಣ್ಣು ಅದೇ. ಒಡಕು ಮಾತ್ರ ಡಬಲ್?”

“ಟಕ್ ಅಂತಿವೆ, ತಳ್ತಿದೀನಿ.”

ಅವನು ಅವಳು ತಳ್ಳಿದ ಆರು ಕಪ್ಪು ತೆಗೆದುಕೊಂಡು ಹೋಗಿ, ಕಾರ್ಖಾನೆಯ ಪದ್ಧತಿಯಂತೆ ಬಣ್ಣದ ನೀರು ತುಂಬಿ ಒಂದು ಗಂಟೆ ಇಟ್ಟ. ಬಿರುಕಿದ್ದರೆ ಹೊರಗೆ ಕೂದಲೆಳೆಯಂಥ ಗೆರೆ ಮೂಡಬೇಕು. ಒಂದರಲ್ಲೂ ಮೂಡಲಿಲ್ಲ. ವಾಪಸ್ ಬಂದಾಗ ಅವನ ದನಿ ತಗ್ಗಿತ್ತು, ಅದು ಬೈಗುಳಕ್ಕಿಂತ ಕೆಟ್ಟದ್ದಾಗಿ ಕೇಳಿಸಿತು.

“ನೋಡಿ, ಎರಡೇ ಸಾಧ್ಯತೆ. ಮನೆಗೆ ಕಪ್ಪು ಬೇಕು ಅಂತ ಒಳ್ಳೇದನ್ನೇ ತಳ್ತಿದೀರಿ. ಇಲ್ಲ, ಕಿವಿ ಹೋಗಿದೆ. ಮೊದಲನೇದು ನೀವು ಮಾಡಲ್ಲ ಅಂತ ನಂಗೊತ್ತು. ಹಾಗಿದ್ರೆ ಡಾಕ್ಟರಿಗೆ ನಾನೇ ಬರೆದು ಕಳಿಸ್ತೀನಿ.”

ಅವಳಿಗೆ ಕೆಲಸ ಹೋಗುವ ಭಯ ಒಂದು ಕಡೆ, ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಅವನು ಹೇಳಿದ್ದು ನಿಜವಿದ್ದರೆ? ಗುಂಯ್ ಹೋಗಿದ್ದೇ ಕಿವಿ ಹೋದದ್ದರ ಗುರುತಾಗಿದ್ದರೆ? ಮನಸ್ಸಿಗೆ ಕಪ್ಪಿನ ಆಸೆ ಹತ್ತಿ, ಕಿವಿ ಅದಕ್ಕೆ ಬೇಕಾದ ಸದ್ದನ್ನೇ ಕೇಳಿಸುತ್ತಿದ್ದರೆ? ತನ್ನ ಕಿವಿಯನ್ನು ತಾನೇ ತಟ್ಟಿ ನೋಡಲು ಅವಳ ಬಳಿ ಯಾವ ಕಡ್ಡಿಯೂ ಇರಲಿಲ್ಲ.

ಆಗ ಅವಳಿಗೆ ಅತ್ತೆಯ ಸತ್ತ ಇಲಿ ನೆನಪಾಯಿತು.

“ಒಂದು ಗಂಟೆ ಸಾಲದು” ಅಂದಳು. “ಶುಕ್ರವಾರದಿಂದ ಸೋಮವಾರದವರೆಗೆ ಇಡಿ. ಬಣ್ಣದ ನೀರು ಬೇಡ, ಕಾಳು ಹಾಕೋಣ. ಗಟ್ಟಿ ಕಪ್ಪಲ್ಲಿ ನೀರು ನಿಂತು ಕಾಳು ಕೊಳೆಯುತ್ತೆ. ಬಿರುಕಿದ್ರೆ ನೀರು ಇಳಿದು ಮೊಳಕೆ ಬರುತ್ತೆ. ಈ ಆರು ನಾನು ತಳ್ಳಿದ್ದು. ಇನ್ನು ಮೂರು ನೀವೇ ಆರಿಸಿ, ಗಟ್ಟಿ ಅಂತ ಅನ್ನಿಸಿದ್ದು.”

ಗಡಿಯಾರ ಕೈಗಡಿಯಾರ ನೋಡಿದ. ಅವನಿಗೂ ಕುತೂಹಲ ಬಂದಿತ್ತು, ಅದನ್ನು ಮುಚ್ಚಿಡಲು ಗತ್ತು ಹೆಚ್ಚು ಮಾಡಿಕೊಂಡ. “ಕಪ್ಪು ನಿಮ್ಮ ಮನೇಲಿ ಇರಬಾರದು. ನನ್ನ ಆಫೀಸಿನ ಬೀರುವಲ್ಲಿ, ಬೀಗ ಹಾಕಿ.”

“ನಿಮ್ಮಿಷ್ಟ. ಆಮೇಲೆ ವಾಸನೆ ಅನ್ನಬೇಡಿ.”

ಶನಿವಾರ ಭಾನುವಾರ ಅವಳಿಗೆ ಅನ್ನ ರುಚಿಸಲಿಲ್ಲ, ಸೌತೆಯೂ ರುಚಿಸಲಿಲ್ಲ. ಏನಾಯಿತೆಂದು ಅತ್ತೆ ಕೇಳಿದಾಗ ಎಲ್ಲ ಹೇಳಿದಳು. ಅತ್ತೆ ಟೀ ಕುಡಿಯುತ್ತಿದ್ದವರು ಕಪ್ಪನ್ನು ಬಟ್ಟೆಯ ಮೇಲಿಟ್ಟು, ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ಅತ್ತೆ ಬಾಯಿಗೆ ಬಂದ ಮಾತು ನುಂಗಿದ್ದನ್ನು ಅವಳು ಅದೇ ಮೊದಲು ನೋಡಿದ್ದು.

ಸೋಮವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆರೆದಾಗಲೇ ಗಡಿಯಾರ ಎರಡು ಹೆಜ್ಜೆ ಹಿಂದೆ ಬಂದ. ಬೀರುವಿನ ಬೀಗ ತೆಗೆದದ್ದು ಕರವಸ್ತ್ರ ಮೂಗಿಗೆ ಕಟ್ಟಿಕೊಂಡೇ. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಹತ್ತು ಜನ ಸೇರಿದ್ದರು. ಅವನು ಆರಿಸಿದ ಮೂರೂ ಕಪ್ಪಿನಲ್ಲಿ ನೀರು ನಿಂತಲ್ಲೇ ನಿಂತು, ಮೇಲೆ ನೊರೆ ಕಟ್ಟಿ, ಕಾಳು ಕೊಳೆತಿತ್ತು. ಅವಳ ಆರರಲ್ಲಿ ಮೊದಲನೆಯದನ್ನು ಎತ್ತಿದ. ಕೆಳಗಿನ ಕಾಗದ ಒದ್ದೆ, ಒಳಗೆ ಬೆಳ್ಳಗೆ ಮೊಳಕೆ. ಎರಡನೆಯದು, ಮೂರನೆಯದು, ನಾಲ್ಕನೆಯದು, ಹಾಗೇ. ಐದನೆಯದು ನಾರುತ್ತಿತ್ತು. ಆರನೆಯದರಲ್ಲಿ ಮತ್ತೆ ಮೊಳಕೆ.

“ಒಂದು ತಪ್ಪು” ಅಂದ ಗಡಿಯಾರ, ಉಸಿರು ಬಿಗಿಹಿಡಿದು.

ಅವಳು ಆ ಐದನೆಯ ಕಪ್ಪನ್ನು ತೊಳೆದು, ಒರೆಸಿ, ಬೆರಳ ಮೇಲೆ ಕೂರಿಸಿ ತಟ್ಟಿದಳು. ಮತ್ತೊಮ್ಮೆ ತಟ್ಟಿದಳು. “ಹೌದು, ಇದು ಗಟ್ಟಿ. ತಪ್ಪು ನಂದೇ” ಎಂದು ಅವನ ಮೇಜಿನ ಬಲಗಡೆಗೆ ಇಟ್ಟಳು.

ಅವನು ಡಾಕ್ಟರಿಗೆ ಬರೆಯಲಿಲ್ಲ. ಕಿಟಕಿ ತೆರೆಯಲು ಮಾತ್ರ ಹೇಳಿದ.

ಅದಾದ ಹತ್ತು ದಿನಕ್ಕೆ ಡಾಕ್ಟರಮ್ಮ ಪಟ್ಟಿ ಸುತ್ತಿ, ಒಂದೇ ಸಲ ಗಾಳಿ ತುಂಬಿ, ಇಳಿಸಿ, ನಕ್ಕರು. ಕಿವಿಯ ಪರೀಕ್ಷೆಯೂ ಆಯಿತು. “ಕೆಲಸ ಮಾಡ್ಕೊಂಡಿರಿ” ಅಂದರು.

“ಮಾತ್ರೆಯಿಂದ ಆಯ್ತಾ, ಮೂಲಂಗಿಯಿಂದ ಆಯ್ತಾ?” ಎಂದು ಕೇಳಿದಳು. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು.

“ಉಪ್ಪು ಬಿಟ್ರಲ್ಲ, ಅದನ್ನೂ ಸೇರಿಸಿ. ಯಾವುದು ಎಷ್ಟು ಮಾಡಿತು ಅಂತ ನನಗೂ ಹೇಳಕ್ಕಾಗಲ್ಲ. ಮಾತ್ರೆ, ಮೂಲಂಗಿ ಎರಡನ್ನೂ ಬಿಡಬೇಡಿ.”

ಮನೆಗೆ ಬರುವ ದಾರಿಯಲ್ಲಿ ಕಂಬಕ್ಕೆ ಒಂದು ಏಟು ಕೊಟ್ಟಳು, ಅದು ಚೆನ್ನಾಗಿ ಮಾತಾಡಿತು. ಖುಷಿಯಲ್ಲಿ ನಾಲ್ಕು ಹೆಜ್ಜೆ ಹಾಕಿದವಳಿಗೆ ಇನ್ನೊಂದು ಯೋಚನೆ ಬಂದು ನಡಿಗೆ ನಿಧಾನವಾಯಿತು. ಈಗ ದಿನಕ್ಕೆ ನಲವತ್ತು ಕೇಳಿಸುತ್ತಿದೆ. ಮೊದಲು ಇಪ್ಪತ್ತೇ ಕೇಳಿಸುತ್ತಿತ್ತು. ಉಳಿದ ಇಪ್ಪತ್ತು ದಿನಾ ಎಲ್ಲಿ ಹೋದವು? ಬಲಕ್ಕೆ ಹೋದವು. ಎಷ್ಟು ವರ್ಷದಿಂದ? ಫ್ಯಾನಿನ ಸದ್ದು ಅಂದುಕೊಂಡ ಗುಂಯ್ ಯಾವತ್ತು ಶುರುವಾಯಿತೋ ಅವತ್ತಿಂದ.

ಮನೆಯಲ್ಲಿ ಅತ್ತೆ ಕಿಟಕಿ ಪಕ್ಕ ಕೂತಿದ್ದರು. ಟೀ ಮುಗಿದಿತ್ತು. ಅವಳು ಚೀಲ ಕೆಳಗಿಟ್ಟು ನೀಲಿ ಅಂಚಿನ ಕಪ್ಪನ್ನು ಎತ್ತಿ ಮೂರು ಬೆರಳ ಮೇಲೆ ಕೂರಿಸಿದಳು. ಅತ್ತೆ “ಬೇಡ ಬಿಡು” ಅಂದರು. ಅವಳು ಉಗುರಿನಿಂದ ತಟ್ಟಿದಳು.

ಸದ್ದು ಅಲ್ಲೇ ಕುಸಿಯಿತು.

ಕೆಳಗಿದ್ದ ಬಟ್ಟೆ ಎತ್ತಿ ನೋಡಿದಳು. ನಾಲ್ಕೂ ಮಡಿಕೆಯಲ್ಲಿ, ಎಷ್ಟು ಒಗೆದರೂ ಹೋಗದ ಟೀ ಕಲೆ, ಕಪ್ಪಿನ ತಳದಷ್ಟೇ ದುಂಡಗೆ.

“ಯಾವಾಗಿಂದ ಸೋರ್ತಿದೆ?”

“ತಂದ ದಿನದಿಂದ.”

“ಏಳು ವರ್ಷ! ನನಗೆ ಒಂದು ಮಾತು ಹೇಳಬಾರದಿತ್ತಾ?”

“ಏನಂತ ಹೇಳೋದು?” ಅತ್ತೆ ಕಿಟಕಿಯ ಕಡೆ ನೋಡಿದರು. “ನೂರು ಕಪ್ಪು ತಟ್ಟಿ ತಂದೆ ಅಂತ ಅವತ್ತು ಎಷ್ಟು ಖುಷಿಯಾಗಿದ್ದೆ. ನಿನ್ನ ಕಿವಿ ನಂಬ್ಕೊಂಡು ಅಷ್ಟು ದೊಡ್ಡ ಕಾರ್ಖಾನೆ ನಡೀತಿದೆ. ನಾನು ಒಂದು ಬಟ್ಟೆ ಇಟ್ಕೊಂಡೆ, ಅಷ್ಟೇ.”

ಏಳು ವರ್ಷ, ದಿನಕ್ಕೆ ನಾಲ್ಕು ಸಲ, ತನ್ನ ಮಾನ ಕಾಯಲು ಒಂದು ಮುದುಕಿ ಬಟ್ಟೆ ಮಡಿಸಿ ಇಟ್ಟಿದ್ದನ್ನು, ಆ ಬಟ್ಟೆ ಯಾಕೆ ಎಂದು ತಾನು ರೇಗಿದ್ದನ್ನು ನೆನೆದು ಅವಳು ಅತ್ತೆಯ ಪಕ್ಕ ಕೂತು ಅತ್ತಳು. ಇಷ್ಟು ವರ್ಷ ಮಾತಿಗೆ ಮಾತು ಕೊಟ್ಟು ಜಗಳವಾಡಿದ ಈ ಹೆಂಗಸಿನ ಮೇಲೆ ತನಗೆ ಇಷ್ಟು ಪ್ರೀತಿಯಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

“ನಾಳೆ ಹೊಸದು ತರ್ತೀನಿ. ಸಾವಿರ ತಟ್ಟಿ ತರ್ತೀನಿ.”

“ತಾ. ಆದ್ರೆ ಇದನ್ನ ಆ ರಾಶಿಗೆ ಹಾಕಬೇಡ.” ಅತ್ತೆ ಕಪ್ಪನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಇಣುಕಿ ನೋಡಿದರು. “ಇದರಲ್ಲೂ ಮೊಳಕೆ ಬರುತ್ತಾ?”

“ಚೆನ್ನಾಗಿ ಬರುತ್ತೆ. ಸಣ್ಣ ಬಿರುಕು, ತೇವ ಹಿಡಿಯುತ್ತೆ.”

“ಹಾಗಾದ್ರೆ ಹಾಕು. ನನ್ನ ಪಾಲು ಅರೆದು ಕೊಡು, ನಾಲ್ಕು ಹಲ್ಲಿಗೆ ಅಷ್ಟು ಕೆಲಸ ಕೊಡಬೇಡ.”

ಅವಳು ಕಪ್ಪು ತೊಳೆದು, ಒಂದು ಹಿಡಿ ಹೆಸರುಕಾಳು ಹಾಕಿ, ನೀರು ತುಂಬಿ, ಕಿಟಕಿಯ ಕಟ್ಟೆಯ ಸಾಲಿನಲ್ಲಿ ಮೊದಲನೆಯದಾಗಿ ಇಟ್ಟಳು. ಮುಚ್ಚಲು ಏನಾದರೂ ಬೇಕಿತ್ತು. ಅತ್ತೆ ಮೇಜಿನ ಮೇಲಿದ್ದ ಬಟ್ಟೆಯನ್ನು ಕೊಡವಿ ಅವಳ ಕೈಗೆ ಕೊಟ್ಟರು.